ಹಾರದ ವಿಮಾನವನ್ನು ನೋಡುವ ಕ್ರಮ

ಬಳಸುವ ಮುನ್ನ ಓದಿ

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾರೆ. ಬೇಸಿಗೆಗೆಂದು ನಿಮ್ಮನ್ನು ಕರೆಸಿಕೊಂಡಿದ್ದಾರೆ. ಟವರ್ ಬ್ರಿಜ್, ವಿಂಡ್ಸರ್ ಅರಮನೆ, ಸ್ಟೋನ್‌ಹೆಂಜಿನ ಕಲ್ಲುಗಳು ಎಲ್ಲ ಮುಗಿದ ಮೇಲೆ ಒಂದು ಶುಕ್ರವಾರ ರಾತ್ರಿ, "ಅಪ್ಪಾ, ನಾಳೆ ಏರ್ ಶೋಗೆ ಹೋಗೋಣ. ಎರಡನೇ ಮಹಾಯುದ್ಧದ ವಿಮಾನಗಳು ಹಾರ್ತವೆ" ಎನ್ನುತ್ತಾರೆ. ಈ ಕೈಪಿಡಿ ಅಂಥ ಅಪ್ಪ-ಅಮ್ಮಂದಿರಿಗಾಗಿ.

ಹೊರಡುವ ಮೊದಲು ಟಿಕೆಟ್ಟಿನ ಷರತ್ತುಗಳನ್ನು ಕನ್ನಡಕ ಒರೆಸಿಕೊಂಡು ಓದಿ. ಹಾರಾಟವೆಲ್ಲ ಹವಾಮಾನಕ್ಕೆ ಬಿಟ್ಟದ್ದು, ಹವಾಮಾನದ ಕಾರಣಕ್ಕೆ ವಿಮಾನ ಹಾರದಿದ್ದರೆ ದುಡ್ಡು ವಾಪಸಿಲ್ಲ ಎಂಬ ಅರ್ಥದ ಒಂದು ಸಾಲು ಸಾಮಾನ್ಯವಾಗಿ ಅಲ್ಲಿರುತ್ತದೆ. ಟಿಕೆಟ್ಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಅದೊಂದೇ ಸಾಲು. ಉಳಿದದ್ದೆಲ್ಲ ಚಿತ್ರ.

ಯಂತ್ರದ ಪರಿಚಯ

ನೀವು ನೋಡಲು, ಅಥವಾ ನೋಡದೆ ಬರಲು ಹೊರಟಿರುವ ಯಂತ್ರಗಳಲ್ಲಿ ಮೂರನ್ನು ತಿಳಿದಿದ್ದರೆ ಸಾಕು.

ಮೊದಲನೆಯದು ಸ್ಪಿಟ್‌ಫೈರ್. 1936ರ ಮಾರ್ಚ್ 5ರಂದು ಮೊದಲ ಸಲ ಹಾರಿತು. ಒಟ್ಟು 20,000ಕ್ಕೂ ಹೆಚ್ಚು ತಯಾರಾದವು, ಇಂದು ಹಾರುವ ಸ್ಥಿತಿಯಲ್ಲಿ ಉಳಿದಿರುವುದು ಕೆಲವೇ ಡಜನ್. ಎರಡನೆಯದು ಅದಕ್ಕಿಂತ ನಾಲ್ಕು ತಿಂಗಳು ಹಿರಿಯದಾದ ಹರಿಕೇನ್. 1940ರಲ್ಲಿ ಜರ್ಮನ್ ವಿಮಾನಗಳನ್ನು ಬ್ರಿಟನ್ನಿನ ಆಕಾಶದಿಂದ ಓಡಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಹರಿಕೇನಿನದು, ಹೆಸರು ಮಾತ್ರ ಸ್ಪಿಟ್‌ಫೈರಿನದು. ಕಚೇರಿಯಲ್ಲಿ ದುಡಿದು ನಿವೃತ್ತರಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಲ್ಯಾಂಕಾಸ್ಟರ್ ಬಾಂಬರ್: ನಾಲ್ಕು ಎಂಜಿನ್, ಏಳು ಜನ ಸಿಬ್ಬಂದಿ. 7,377 ತಯಾರಾದವು. ಇಂದು ಹಾರುವುದು ಎರಡೇ. ಒಂದು ಕೆನಡಾದ ಹ್ಯಾಮಿಲ್ಟನ್‌ನಲ್ಲಿದೆ. ಇನ್ನೊಂದು, ಪಿಎ474 ಎಂಬ ಸಂಖ್ಯೆಯದು, ಲಿಂಕನ್‌ಷೈರಿನ ಕೋನಿಂಗ್ಸ್‌ಬಿ ವಾಯುನೆಲೆಯಲ್ಲಿ 'ಬ್ಯಾಟಲ್ ಆಫ್ ಬ್ರಿಟನ್ ಮೆಮೋರಿಯಲ್ ಫ್ಲೈಟ್' ಎಂಬ ವಾಯುಪಡೆಯ ತಂಡದ ಕೈಯಲ್ಲಿದೆ. ಇದು ಹುಟ್ಟಿದ್ದು 1945ರಲ್ಲಿ, ದೂರಪ್ರಾಚ್ಯದ ಯುದ್ಧಕ್ಕೆಂದು. ಅಷ್ಟರಲ್ಲಿ ಯುದ್ಧವೇ ಮುಗಿದುಹೋಯಿತು.

ಇವುಗಳ ಮನಃಸ್ಥಿತಿ ಅರ್ಥವಾಗಬೇಕಾದರೆ ನಮ್ಮೂರ ದೇವಸ್ಥಾನವನ್ನು ನೆನೆದುಕೊಳ್ಳಿ. ಮ್ಯೂಸಿಯಮ್ಮಿನಲ್ಲಿ ಹಗ್ಗದಾಚೆ ನಿಂತಿರುವ ಸ್ಪಿಟ್‌ಫೈರ್ ಮೂಲವಿಗ್ರಹ. ಯಾವಾಗ ಹೋದರೂ ದರ್ಶನ ಕೊಡುತ್ತದೆ, ಅಲುಗಾಡುವುದಿಲ್ಲ. ಏರ್ ಶೋಗೆ ಬರುವುದು ಉತ್ಸವಮೂರ್ತಿ. ನಾಲ್ಕು ಹನಿ ಬಿದ್ದರೆ ಪಲ್ಲಕ್ಕಿ ಪ್ರಾಕಾರದೊಳಗೇ ತಿರುಗಿ ಗುಡಿ ಸೇರುತ್ತದೆ. ಆಗ ಬೀದಿಯಲ್ಲಿ ಹಣ್ಣುಕಾಯಿ ಹಿಡಿದು ನಿಂತವರು ಅರ್ಚಕರ ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಅಷ್ಟೇ ಸಮಾಧಾನ ಇಲ್ಲಿಯೂ ಬೇಕು.

ಬೇಕಾಗುವ ಸಾಮಗ್ರಿ

ಮಡಿಸುವ ಕುರ್ಚಿ. ಸ್ವೆಟರ್. ಸ್ವೆಟರಿನ ಮೇಲೆ ಜರ್ಕಿನ್. ಜುಲೈ ಎಂಬ ಕಾರಣಕ್ಕೆ ಇವೆರಡನ್ನೂ ಬಿಟ್ಟು ಬಂದವರಿಗೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಕೊಡೆ ಇರಲಿ, ಆದರೆ ಬಿಚ್ಚಬೇಡಿ; ಹಿಂದೆ ಕೂತವರು ಏನೂ ಅನ್ನುವುದಿಲ್ಲ, ಆ ಮೌನವನ್ನು ಸಹಿಸುವುದು ಕಷ್ಟ.

ಹವಾಮಾನ ನೋಡುವ ಬಗೆ

ಎಲ್ಲರೂ ಮಾಡುವ ತಪ್ಪು ತಲೆ ಎತ್ತಿ ನೋಡುವುದು. ತಲೆಯ ಮೇಲಿನ ಆಕಾಶದಿಂದ ಗೊತ್ತಾಗುವುದು ಮೂರನೇ ಒಂದು ಭಾಗ. ಮೆಮೋರಿಯಲ್ ಫ್ಲೈಟಿನ ವಿಮಾನ ನಿಮ್ಮೆದುರಿನ ರನ್‌ವೇಯಿಂದ ಏಳಬೇಕೆಂದೇನೂ ಇಲ್ಲ. ಎಷ್ಟೋ ಸಲ ಅದು ಕೋನಿಂಗ್ಸ್‌ಬಿಯಿಂದ ಹೊರಟು, ದಾರಿಯಲ್ಲಿ ಎರಡು ಮೂರು ಊರಿನ ಜಾತ್ರೆಗಳ ಮೇಲೆ ಸುತ್ತು ಹಾಕಿ ನಿಮ್ಮಲ್ಲಿಗೆ ಬರುವುದು. ಹೊರಡುವ ಊರಿನಲ್ಲಿ ಗಾಳಿ ಕೂಡಿಬರಬೇಕು, ದಾರಿಯುದ್ದಕ್ಕೂ ನೆಲ ಕಾಣುವಷ್ಟು ಆಕಾಶ ತಿಳಿಯಾಗಿರಬೇಕು, ತಲುಪುವ ಜಾಗದಲ್ಲೂ ಸರಿಯಿರಬೇಕು, ಮರಳುವಾಗಲೂ ಇವೆಲ್ಲ ಹಾಗೇ ಇರಬೇಕು. ಇವು ಮೋಡದೊಳಗೆ ನುಗ್ಗಿ ಹೋಗುವ ವಿಮಾನಗಳಲ್ಲ. ಪೈಲಟ್ ಕಣ್ಣಿಗೆ ಕಾಣುವ ನೆಲ, ನದಿ, ರೈಲುಹಳಿ ನಂಬಿಕೊಂಡು ಹಾರುತ್ತಾನೆ. ಲಿಂಕನ್‌ಷೈರ್ ಪೂರ್ವ ಕರಾವಳಿಯ ಸೀಮೆ. ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದುಬಂದರೆ ಮಂಜಾಗಿ ದಡಕ್ಕೆ ಏರುತ್ತದೆ, ಬೇಸಿಗೆಯಲ್ಲೂ ಏರುತ್ತದೆ.

ಹೀಗಾಗಿ ನಿಮ್ಮ ಬೋಳುತಲೆ ಬಿಸಿಲಿಗೆ ಕೆಂಪಾಗುತ್ತಿರುವಾಗಲೇ 'ಹವಾಮಾನದ ಕಾರಣ ಲ್ಯಾಂಕಾಸ್ಟರ್ ಬರುತ್ತಿಲ್ಲ' ಎಂಬ ಘೋಷಣೆ ಬರಬಹುದು. ಧ್ವನಿವರ್ಧಕ ಕೆಟ್ಟಿಲ್ಲ.

ದೋಷ ಪತ್ತೆ ಮತ್ತು ಪರಿಹಾರ

ಲಕ್ಷಣ: ಬಿಸಿಲಿದೆ, ಮೋಡವಿಲ್ಲ, ಧ್ವಜಗಳು ಚೆನ್ನಾಗಿ ಪಟಪಟಿಸುತ್ತಿವೆ, ವಿಮಾನವಿಲ್ಲ.
ಕಾರಣ: ಧ್ವಜಗಳು ಚೆನ್ನಾಗಿ ಪಟಪಟಿಸುತ್ತಿರುವುದೇ.

ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮಳೆಯನ್ನು ಎಲ್ಲರೂ ಕ್ಷಮಿಸುತ್ತಾರೆ, ಗಾಳಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ವಿಮಾನಗಳಿಗೆ ಮೂರನೆಯ ಚಕ್ರ ಮೂತಿಯ ಕೆಳಗಿಲ್ಲ, ಬಾಲದಲ್ಲಿದೆ. ಭಾರದ ಕೇಂದ್ರ ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ ಬೀಳುತ್ತದೆ. ನೆಲದಲ್ಲಿ ಓಡುವಾಗ ಅಡ್ಡಗಾಳಿ ಬಾಲವನ್ನು ಚೂರು ತಳ್ಳಿದರೆ ಆ ಭಾರವೇ ತಿರುವನ್ನು ಇನ್ನಷ್ಟು ಹೆಚ್ಚಿಸಿ ವಿಮಾನವನ್ನು ಗಿರ್ರನೆ ಸುತ್ತಿಸಿಬಿಡುತ್ತದೆ. ಸ್ಪಿಟ್‌ಫೈರಿನ ಚಕ್ರಗಳು ಒಂದಕ್ಕೊಂದು ಬಹಳ ಹತ್ತಿರ ಬೇರೆ. ಅಗಲ ಕಾಲಿನ ಹರಿಕೇನ್ ಈ ವಿಷಯದಲ್ಲಿ ಎಷ್ಟೋ ವಾಸಿ, ಇದಕ್ಕೂ ಅದಕ್ಕೆ ಹೆಸರು ಬರಲಿಲ್ಲ. 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದ ಅಡ್ಡಗಾಳಿ ನಿಮಗೆ ಟೋಪಿ ಹಿಡಿದುಕೊಳ್ಳುವಷ್ಟು ತೊಂದರೆ. ಪೈಲಟ್ಟಿಗೆ ಅದು ಇಂದು ಹಾರುವುದೋ ಬೇಡವೋ ಎಂಬ ಪ್ರಶ್ನೆ.

'ಯುದ್ಧದ ಕಾಲದಲ್ಲಿ ಹೇಗೆ ಹಾರಿಸುತ್ತಿದ್ದರು?' ಆಗ ಎಷ್ಟೋ ವಾಯುನೆಲೆಗಳು ಬರೀ ಹುಲ್ಲಿನ ಬಯಲು. ಗಾಳಿ ಯಾವ ಕಡೆಯಿಂದ ಬೀಸಿದರೆ ಆ ಕಡೆ ಮುಖ ಮಾಡಿ ಓಡಿ ಏಳುವುದು. ಕೇಂಬ್ರಿಜ್‌ಷೈರಿನ ಡಕ್ಸ್‌ಫರ್ಡಿಗೆ 1938ರಲ್ಲಿ ವಾಯುಪಡೆಯ ಮೊದಲ ಸ್ಪಿಟ್‌ಫೈರ್ ಬಂದಿಳಿದಾಗ ಅದೂ ಹುಲ್ಲಿನ ಬಯಲೇ. ಈಗ ಅಲ್ಲಿ ಒಂದು ಗಟ್ಟಿ ರನ್‌ವೇ, ಪಕ್ಕದಲ್ಲೊಂದು ಹುಲ್ಲಿನ ಪಟ್ಟಿ, ಎರಡರ ದಿಕ್ಕೂ ಒಂದೇ. ಗಾಳಿ ಒಪ್ಪಬೇಕು.

ಆಗಲೂ ಗಾಳಿ ಬಿಟ್ಟಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. ಜೋರು ಗಾಳಿಯ ದಿನ ನೆಲದಲ್ಲಿ ಸಾಗುವಾಗ ಬಾಲ ಮೇಲೇಳದಂತೆ ಒಬ್ಬ ಮೆಕ್ಯಾನಿಕ್ ಬಾಲದ ಮೇಲೆ ಕೂರುವುದು ವಾಡಿಕೆ. ರನ್‌ವೇ ಹತ್ತಿರ ಬಂದಾಗ ಇಳಿಯಬೇಕು. 1945ರ ಫೆಬ್ರವರಿಯಲ್ಲಿ ಲಿಂಕನ್‌ಷೈರಿನ ಹಿಬಾಲ್ಡ್‌ಸ್ಟೋ ನೆಲೆಯಲ್ಲಿ ಮಾರ್ಗರೆಟ್ ಹಾರ್ಟನ್ ಎಂಬ ಮೆಕ್ಯಾನಿಕ್ ಹೀಗೆ ಕೂತಿದ್ದರು. ಇಳಿಯುವ ಮೊದಲೇ ಪೈಲಟ್ ಹಾರಿಬಿಟ್ಟ. ಬಾಲ ಯಾಕೋ ಭಾರ ಅನ್ನಿಸಿತು ಅವನಿಗೆ. ಆಕೆ ಬಾಲವನ್ನು ತಬ್ಬಿಕೊಂಡು ಒಂದು ಸುತ್ತು ಹಾರಿ, ಅದೇ ವಿಮಾನದಲ್ಲಿ ಜೀವಂತ ಇಳಿದರು. ಆ ಸ್ಪಿಟ್‌ಫೈರಿನ ಸಂಖ್ಯೆ ಎಬಿ910. ಅದು ಈಗ ಮೆಮೋರಿಯಲ್ ಫ್ಲೈಟಿನ ಬಳಗದಲ್ಲೇ ಇದೆ. ಎಂಬತ್ತು ವರ್ಷದ ಹಿಂದೆ ಬಾಲದ ಮೇಲೆ ಹೆಂಗಸನ್ನು ಹೊತ್ತು ಹಾರಿದ ವಿಮಾನ ಇಂದು ತುಸು ಗಾಳಿಗೆ ಹೊರಗೆ ಬರುವುದಿಲ್ಲವೆಂದರೆ, ಹೆಂಗಸನ್ನು ಹೊತ್ತು ಹಾರಿದ್ದೇ ತಪ್ಪು ಎಂದು ತಿಳಿಯತಕ್ಕದ್ದು.

ಲಕ್ಷಣ: ಗಾಳಿಯಿಲ್ಲ, ಆದರೆ ಬೂದುಬಣ್ಣದ ಮೋಡ ಕೈಗೆ ಎಟುಕುವಂತಿದೆ.
ಕಾರಣ: ಪಲ್ಟಿ ಹೊಡೆಯಲು ಎತ್ತರ ಬೇಕು. ಪ್ರದರ್ಶನದ ಪೈಲಟ್ಟುಗಳು ಒಂದೇ ಆಟ ಕಲಿತು ಬರುವುದಿಲ್ಲ. ಆಕಾಶ ಎತ್ತರವಿದ್ದರೆ ಲಂಬವಾಗಿ ಸುತ್ತುವ ಆಟ, ತಗ್ಗಿದ್ದರೆ ಅಡ್ಡ ಉರುಳುವ ಆಟ, ಇನ್ನೂ ತಗ್ಗಿದ್ದರೆ ಚಪ್ಪಟೆ ಸುತ್ತು. ಅದಕ್ಕೂ ಆಗದಷ್ಟು ತಗ್ಗಿದರೆ ಚಹಾ. 2015ರ ಆಗಸ್ಟಿನಲ್ಲಿ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಒಂದು ಹಂಟರ್ ಜೆಟ್ ಲೂಪ್ ಹೊಡೆಯುವಾಗ ಸಾಕಷ್ಟು ಎತ್ತರಕ್ಕೇರದೆ ಪಕ್ಕದ ಹೆದ್ದಾರಿಗೆ ಬಿದ್ದು 11 ಜನ ಸತ್ತರು. ಅಂದು ಹವಾಮಾನದ ದೋಷವೇನೂ ಇರಲಿಲ್ಲ. ಆದರೆ ಅಂದಿನಿಂದ ಬ್ರಿಟನ್ನಿನಲ್ಲಿ ಎತ್ತರ, ಅಂತರ, ಅನುಮತಿಗಳ ನಿಯಮ ಬಿಗಿಯಾದವು. ಆ ಬಗ್ಗೆ ಗೊಣಗುವವರ ಪಕ್ಕದ ಕುರ್ಚಿಯಲ್ಲಿ ಕೂರಬೇಡಿ.

ಲಕ್ಷಣ: ಜಿಟಿಜಿಟಿ ಮಳೆ.
ಕಾರಣ: ಹರಿಕೇನಿನ ಹಿಂಭಾಗ ಬಟ್ಟೆ ಹೊದಿಸಿದ್ದು. ಈ ಬಳಗದ ಎಷ್ಟೋ ಪ್ರೊಪೆಲರ್‌ಗಳ ಅಲಗು ಮರದ್ದು. ಆ ವೇಗದಲ್ಲಿ ತಿರುಗುವ ಅಲಗಿಗೆ ಮಳೆಹನಿ ಬಡಿದರೆ ಅಂಚು ಸವೆಯುತ್ತದೆ. ಮಳೆ ನಿಂತ ಮೇಲೂ ಹುಲ್ಲು ನೆಂದಿದ್ದರೆ ಚಕ್ರ ಹೂತು, ಭಾರದ ಮೂತಿ ಮುಗ್ಗರಿಸಿ ಪ್ರೊಪೆಲರ್ ನೆಲ ಕಚ್ಚುವ ಭಯ.

ಲಕ್ಷಣ: ಎಂಜಿನ್ ಚಾಲೂ ಆಗಿತ್ತು, ಮೋಡ ಬಂತು, ಎಂಜಿನ್ ಬಂದ್ ಆಯಿತು. 'ಐದು ನಿಮಿಷ ಕಾಯಬಾರದಿತ್ತೇ?'
ಕಾರಣ: ಕಾಯಲಾಗದು. ಸ್ಪಿಟ್‌ಫೈರಿನ ರೇಡಿಯೇಟರ್ ರೆಕ್ಕೆಯಡಿ ಇದೆ. ನೆಲದಲ್ಲಿ ನಿಂತಾಗ ಅದಕ್ಕೆ ಸಾಕಷ್ಟು ಗಾಳಿ ಸಿಗುವುದಿಲ್ಲ, ಇಳಿಬಿಟ್ಟ ಚಕ್ರದ ಕಾಲೂ ಅಡ್ಡ. 27 ಲೀಟರಿನ ಮರ್ಲಿನ್ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕುದಿಯಲು ಶುರು. ಚಾಲೂ ಮಾಡಿದರೆ ಹಾರಬೇಕು, ಇಲ್ಲವೇ ಬಂದ್ ಮಾಡಬೇಕು.

ಬೆಡ್‌ಫರ್ಡ್‌ಷೈರಿನ ಓಲ್ಡ್ ವಾರ್ಡನ್‌ಗೆ ಹೋಗುವವರಿಗೆ ಪ್ರತ್ಯೇಕ ಸೂಚನೆ. ಅಲ್ಲಿನ ಶಟಲ್‌ವರ್ತ್ ಸಂಗ್ರಹದಲ್ಲಿ ಇನ್ನೂ ಹಳಬರಿದ್ದಾರೆ: ಮೊದಲ ಮಹಾಯುದ್ಧದ ಸಾಪ್‌ವಿತ್ ಪಪ್, ಬ್ರಿಸ್ಟಲ್ ಫೈಟರ್, ಅದಕ್ಕೂ ಹಿಂದಿನ 1909ರ ಬ್ಲೆರಿಯೊ. ಇವರಲ್ಲಿ ತೀರ ಹಳಬರು ಸಂಜೆ ಗಾಳಿ ಪೂರ್ತಿ ಬಿದ್ದ ಮೇಲಷ್ಟೇ ಹೊರಗೆ ಬರುವುದು. ಬ್ಲೆರಿಯೊ ಬಂದರೂ ನೆಲ ಬಿಟ್ಟು ನಾಲ್ಕು ಮಾರು ಜಿಗಿದು ಇಳಿಯುತ್ತದೆ, ಅದನ್ನೇ ಹಾರಾಟವೆಂದು ಒಪ್ಪಿಕೊಂಡು ಚಪ್ಪಾಳೆ ತಟ್ಟತಕ್ಕದ್ದು. ಪಪ್ಪಿನ ತಿರುಗುವ ಎಂಜಿನ್ನಿಗೆ ಹಾಕುವುದು ಹರಳೆಣ್ಣೆ. ಸುಟ್ಟು ಹೊಗೆಯಾಗಿ ಹೊರಬಂದಾಗ ಆ ವಾಸನೆ ಹುಲ್ಲಿನ ಮೇಲೆಲ್ಲ ಹರಡುತ್ತದೆ. ಇಂಗ್ಲಿಷರು ಅದನ್ನು ಯುದ್ಧದ ಸುಗಂಧವೆಂದು ಕಣ್ಣು ಮುಚ್ಚಿ ಎಳೆದುಕೊಳ್ಳುವಾಗ, ಅಜ್ಜಿಯ ಕೈಯಲ್ಲಿ ತಲೆಗೆ ಹರಳೆಣ್ಣೆ ತಟ್ಟಿಸಿಕೊಂಡು ಬೆಳೆದ ನೀವು ನಗಬಾರದು.

ಆಡಬಾರದ ಮಾತು

ಏರ್ ಶೋದ ಹುಲ್ಲಿನ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಕೂಡದು: 'ಯುದ್ಧದಲ್ಲಿ ಇದೇ ವಿಮಾನ ಎಂಥ ಹವಾಮಾನದಲ್ಲೂ ಹಾರಲಿಲ್ಲವೇ?'

ಹಾರಿತು. 1943ರ ಡಿಸೆಂಬರ್ 16ರ ರಾತ್ರಿ ಬರ್ಲಿನ್ ಮೇಲೆ ಬಾಂಬ್ ಹಾಕಿ ಮರಳಿದ ಲ್ಯಾಂಕಾಸ್ಟರ್‌ಗಳಿಗೆ ಪೂರ್ವ ಇಂಗ್ಲೆಂಡ್ ಮಂಜಿನಡಿ ಮುಳುಗಿಹೋಗಿತ್ತು. ಇಳಿಯಲು ನೆಲ ಕಾಣದೆ, ಇಂಧನ ಮುಗಿದು, ಒಂದಾದ ಮೇಲೊಂದು ಬಿದ್ದವು. ಶತ್ರುವಿನ ಕೈಯಲ್ಲಿ ಹೋದಷ್ಟೇ ವಿಮಾನಗಳು ಹೆಚ್ಚುಕಡಿಮೆ ತಮ್ಮೂರಿನ ಮಂಜಿನಲ್ಲಿ ಹೋದವು. ನೂರಕ್ಕೂ ಹೆಚ್ಚು ಹುಡುಗರು ಮನೆ ಬಾಗಿಲಲ್ಲಿ ಸತ್ತರು. ಮಂಜನ್ನು ಓಡಿಸಲು ರನ್‌ವೇಯ ಇಕ್ಕೆಲಕ್ಕೂ ಕೊಳವೆ ಹಾಸಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚುವ ಏರ್ಪಾಟನ್ನೂ ಮಾಡಿದರು. ಬೆಂಕಿಯ ಎರಡು ಗೋಡೆಗಳ ನಡುವೆ ಇಳಿಯಬೇಕು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಸತ್ತವರು 55,573. ಅವರು ಹಾಕಿದ ಬಾಂಬಿನಡಿ ಹ್ಯಾಂಬರ್ಗ್‌ನಂಥ ಊರುಗಳಲ್ಲಿ ಸತ್ತವರ ಲೆಕ್ಕ ಬೇರೆ. ನಾಲ್ಕು ಮರ್ಲಿನ್‌ಗಳ ಸದ್ದು ಕೇಳಿ ಪುಲಕಿತರಾಗುವಾಗ ಅದನ್ನೂ ಒಂದು ಕ್ಷಣ ನೆನೆದುಕೊಂಡರೆ ತಪ್ಪಿಲ್ಲ.

ಆಗ ವಿಮಾನ ಖರ್ಚಿನ ಬಾಬತ್ತು. ಕಾರ್ಖಾನೆಯಿಂದ ನಾಳೆ ಇನ್ನೊಂದು ಬರುತ್ತಿತ್ತು. ಹುಡುಗರೂ ಬರುತ್ತಿದ್ದರು. ಈಗ ಕಾರ್ಖಾನೆಯಿಲ್ಲ.

ಇಷ್ಟಾಗಿಯೂ ಪಕ್ಕದವರು ಯುದ್ಧಕಾಲದ ಧೈರ್ಯವನ್ನೇ ಹೊಗಳುತ್ತ ಕೂತರೆ ಅವರಿಗೆ ಜೇಮ್ಸ್ ಸ್ಟ್ಯಾಗ್ ಹೆಸರು ಹೇಳಿ. ಆ ಹವಾಮಾನ ಅಧಿಕಾರಿ 1944ರ ಜೂನ್‌ನಲ್ಲಿ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಎದುರು ನಿಂತು 5ನೇ ತಾರೀಕು ಬೇಡವೆಂದ. ಹಡಗು, ವಿಮಾನ, ಲಕ್ಷಾಂತರ ಸೈನಿಕರು ಸಿದ್ಧವಾಗಿದ್ದ ನಾರ್ಮಂಡಿ ದಾಳಿ ಒಂದು ದಿನ ಮುಂದಕ್ಕೆ ಹೋಯಿತು. ನಿಮ್ಮದು ಶನಿವಾರದ ಟಿಕೆಟ್ಟು.

ಕಾಯುವಾಗ

ಕಾಯುವುದು ಎರಡು ಗಂಟೆಯೂ ಆಗಬಹುದು. "ರೀ, ಬಂತಾ?" "ಇನ್ನೂ ಇಲ್ಲ ಕಣೇ, ಆ ಕಡೆ ಮೋಡ ಸರೀತಿದೆ." ಈ ಸಂಭಾಷಣೆಯನ್ನು ಕಾಲು ಗಂಟೆಗೊಮ್ಮೆ ಮೀರದಂತೆ ನಡೆಸಿ. ನಡುವೆ ಮೊಮ್ಮಕ್ಕಳಿಗೆ ಹೇಳಲು ಎರಡು ಸಂಗತಿ.

ಒಂದು: ಬ್ರಿಟಿಷ್ ವಾಯುಪಡೆಯಲ್ಲಿ 129ನೇ 'ಮೈಸೂರು' ಸ್ಕ್ವಾಡ್ರನ್ ಎಂಬುದೊಂದಿತ್ತು. 1941ರಲ್ಲಿ ಕಟ್ಟಿದ್ದು, ಹಾರಿಸಿದ್ದು ಸ್ಪಿಟ್‌ಫೈರ್. ಮೈಸೂರು ಸಂಸ್ಥಾನ ಯುದ್ಧಕ್ಕೆ ಕೊಟ್ಟ ದೇಣಿಗೆಯ ಗೌರವಾರ್ಥ ಆ ಹೆಸರು. ಅದರ ಲಾಂಛನದಲ್ಲಿದ್ದದ್ದು ಗಂಡಭೇರುಂಡ, ನಮ್ಮ ಸರ್ಕಾರಿ ಪತ್ರಗಳ ತಲೆಯ ಮೇಲೆ ಇವತ್ತಿಗೂ ಕೂರುವ ಅದೇ ಎರಡು ತಲೆಯ ಹಕ್ಕಿ. ಆ ದೇಣಿಗೆ ಕೊನೆಗೆ ಯಾರ ಹೊಲದ ಕಂದಾಯದಿಂದ ಬಂತೆಂದು ಮೊಮ್ಮಗ ಕೇಳಿದರೆ, ಒಳ್ಳೆಯ ಪ್ರಶ್ನೆ ಎಂದು ಬೆನ್ನು ತಟ್ಟಿ.

ಎರಡು: ಯುದ್ಧ ಮುಗಿದ ಮೇಲೆ ಬ್ರಿಟಿಷರು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್‌ನವರು ತಂದು ಹಾರುವಂತೆ ಮಾಡಿದರು. ದುರಸ್ತಿ ಮಾಡಲು ಬೆಂಗಳೂರಿಗೆ ತರಬೇಕು, ತರಬೇಕೆಂದರೆ ಅಲ್ಲಿಂದ ಹಾರಿಸಬೇಕು. ಜಿಮ್ಮಿ ಮುನ್ಷಿ ಎಂಬ ಪೈಲಟ್ ಹಾಗೇ, ಅರೆಬರೆ ರಿಪೇರಿಯಾದ ಸ್ಥಿತಿಯಲ್ಲೇ, ಅವನ್ನು ಹಾರಿಸಿಕೊಂಡು ಬಂದರು. 1968ರವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ದುಡಿದವು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿರುವ ಲಿಬರೇಟರ್ ನಮ್ಮ ವಾಯುಪಡೆಯಲ್ಲಿ ಸೇವೆ ಮುಗಿಸಿ ಹೋದದ್ದು. ಕೆಡಿಸಿದವರ ಊರಿಗೇ ವಾಪಸು ಹೋಗಿ ಕೂತಿದೆ.

ಘೋಷಣೆಯನ್ನು ಸ್ವೀಕರಿಸುವ ವಿಧಾನ

ಕಾಮೆಂಟರಿಯವನು 'ಹವಾಮಾನದ ಮೇಲೆ ಕಣ್ಣಿಟ್ಟಿದ್ದೇವೆ' ಎಂದರೆ ಊಟ ಬಿಚ್ಚಿ. 'ಪೈಲಟ್ಟುಗಳು ಚರ್ಚಿಸುತ್ತಿದ್ದಾರೆ' ಎಂದರೆ ಊಟ ಮುಗಿಸಿ. ಯುದ್ಧದ ಇತಿಹಾಸವನ್ನು ವಿಸ್ತಾರವಾಗಿ ಹೇಳಲು ಶುರುಮಾಡಿದರೆ ಕುರ್ಚಿ ಮಡಿಸಬಹುದು. ರದ್ದಾಯಿತೆಂದಾಗ ಸುತ್ತಲಿನ ಇಂಗ್ಲಿಷರು ಗಲಾಟೆ ಮಾಡದೆ ಚಪ್ಪಾಳೆ ತಟ್ಟಿದರೆ ಬೆರಗಾಗಬೇಡಿ, ನೀವೂ ತಟ್ಟಿ. ಬೇಡವೆನ್ನುವ ಪೈಲಟ್ಟಿಗೆ ಹಾರಿದ ಪೈಲಟ್ಟಿಗಿಂತ ಹೆಚ್ಚು ಚಪ್ಪಾಳೆ ಸಲ್ಲಬೇಕೆಂಬುದು ಈ ಕೈಪಿಡಿಯ ಖಾಸಗಿ ಅಭಿಪ್ರಾಯ. ಸಾವಿರಾರು ಜನ ದುಡ್ಡು ಕೊಟ್ಟು ತಲೆ ಎತ್ತಿ ಕೂತಿರುವಾಗ ಆ ಮಾತು ಹೇಳುವುದು ಸುಲಭದ ಕೆಲಸವಲ್ಲ.

ವಿಮಾನ ಬಂದುಬಿಟ್ಟರೆ

ಈ ಸಂದರ್ಭಕ್ಕೆ ಕೈಪಿಡಿಯನ್ನು ಸಿದ್ಧಪಡಿಸಿಲ್ಲ. ಆದರೂ ಆಗುವುದುಂಟು. ಮೊದಲು ಸದ್ದು ಬರುತ್ತದೆ, ನೀವು ನೋಡುತ್ತಿರುವ ದಿಕ್ಕಿನಿಂದಲ್ಲ. ಮೊಬೈಲ್ ಎತ್ತಬೇಡಿ. ಎತ್ತಿದರೆ ವೀಡಿಯೊದಲ್ಲಿ ಎದುರಿನವರ ಟೋಪಿ, ಸ್ವಲ್ಪ ಆಕಾಶ, "ಎಲ್ಲಿ? ಎಲ್ಲಿ?" ಎಂಬ ನಿಮ್ಮದೇ ದನಿ ಸಿಗುತ್ತದೆ. ಕೆಲವು ನಿಮಿಷಗಳ ಆಟ, ಅಷ್ಟರಲ್ಲಿ ಚಿತ್ರಾನ್ನದ ಡಬ್ಬಿ ಮಗುಚಿದರೂ ಬಗ್ಗಬೇಡಿ.

ಅನ್ವಯದ ಮಿತಿ

ಈ ಕೈಪಿಡಿ ಬ್ರಿಟನ್ನಿನ ದ್ವೀಪಗಳಿಗೆ ಮಾತ್ರ. 1947ರಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ವಿಮಾನದ ಸಂಖ್ಯೆ ವಿಪಿ905 ಹೊತ್ತ 'ಪರಶುರಾಮ' ಎಂಬ ಹಳೆಯ ಡಕೋಟ, ಇಂಗ್ಲೆಂಡಿನಲ್ಲಿ ದುರಸ್ತಿಯಾಗಿ 2018ರಲ್ಲಿ ಭಾರತಕ್ಕೆ ಹಾರಿಬಂದು ನಮ್ಮ ವಾಯುಪಡೆ ಸೇರಿದೆ. ಅದರ ದರ್ಶನಕ್ಕೆ ಬೇರೆ ಪಂಚಾಂಗ ನೋಡಿಕೊಳ್ಳಬೇಕು. ಯಲಹಂಕದ ಏರೋ ಇಂಡಿಯಾಕ್ಕಂತೂ ಇಲ್ಲಿನ ಯಾವ ಸೂಚನೆಯೂ ಹೊಂದುವುದಿಲ್ಲ. ಫೆಬ್ರವರಿಯ ಬೆಂಗಳೂರಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ವಿಮಾನಗಳು ಹೊತ್ತಿಗೆ ಸರಿಯಾಗಿ ಹಾರುತ್ತವೆ. ರದ್ದಾಗುವವನು ಪ್ರೇಕ್ಷಕ, ಅದೂ ಹೆಬ್ಬಾಳದ ಫ್ಲೈಓವರಿನ ಮೇಲೆ. ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ, ಟಿಕೆಟ್ ಬೇಕಿರಲಿಲ್ಲ.